ಅದುಮಿಟ್ಟ ಕೋಪದ ಕಥೆ: ಬ್ಯಾಟ್‌ಮನ್ ಕಾರ್ಟೂನಿನ ಮೊದಲ ಕಂತುಗಳಲ್ಲಿ ಪಾತ್ರವಿಕಾಸ

ಮಕ್ಕಳ ಕಥೆಯಲ್ಲಿ ಒಳ್ಳೆಯವನು ಆದ್ಯಂತವಾಗಿ ಒಳ್ಳೆಯವನಾಗಿಯೂ ಕೆಟ್ಟವನು ಆದ್ಯಂತವಾಗಿ ಕೆಟ್ಟವನಾಗಿಯೂ ಇರತಕ್ಕದ್ದು, ಇಲ್ಲವಾದರೆ ಎಳೆಯ ಮನಸ್ಸು ಗೊಂದಲಕ್ಕೀಡಾಗುತ್ತದೆ ಎಂಬ ಅಭಿಪ್ರಾಯ ನಮ್ಮ ಮನೆಗಳ ಹಿರಿಯರಲ್ಲಿ ಬಹುಮಟ್ಟಿಗೆ ರೂಢವಾಗಿದೆ. ನಾನೂ ಅದೇ ಅಭಿಪ್ರಾಯದವನಾಗಿದ್ದೆ. ಒಂಬತ್ತು ವರ್ಷದ ನನ್ನ ಮೊಮ್ಮಗನು ರಜೆಯ ದಿನಗಳಲ್ಲಿ ಅಮೆರಿಕದ ಹಳೆಯ ಕಾರ್ಟೂನ್ ಧಾರಾವಾಹಿಯೊಂದನ್ನು ಒಂದೇ ಸಮನೆ ನೋಡುತ್ತಿದ್ದಾಗ, ಅದನ್ನು ನಿಲ್ಲಿಸಬೇಕೆಂಬ ಉದ್ದೇಶದಿಂದಲೇ ಅವನ ಪಕ್ಕದಲ್ಲಿ ಹೋಗಿ ಕುಳಿತೆ. ಆ ಕಂತು ಮುಗಿದೊಡನೆ ಅವನು ನನ್ನ ಕಡೆಗೆ ತಿರುಗಿ ಕೇಳಿದ: "ಅಜ್ಜಾ, ಈ ಹಾರ್ವೆ ಚಲೋ ಮನಶ್ಯಾನೋ, ಕೆಟ್ಟ ಮನಶ್ಯಾನೋ?" ಹಿರಿಯನಾದವನಿಗೆ ಇಂತಹ ಪ್ರಶ್ನೆಗೆ ಉತ್ತರ ನಾಲಗೆಯ ತುದಿಯಲ್ಲಿಯೇ ಇರಬೇಕು. ನನಗೆ ಇರಲಿಲ್ಲ. ಉತ್ತರವನ್ನು ಹುಡುಕುವ ಸಲುವಾಗಿ ಆ ಧಾರಾವಾಹಿಯ ಆರಂಭದ ಕಂತುಗಳನ್ನೆಲ್ಲ ಕ್ರಮವಾಗಿ ನೋಡಿದೆ. ಪ್ರಸ್ತುತ ಲೇಖನವು ಆ ವೀಕ್ಷಣೆಯ ಫಲ.

ವಾಚಕರಲ್ಲಿ ಹಲವರಿಗೆ ಈ ಕಥಾನಾಯಕನ ಹೆಸರಷ್ಟೇ ಪರಿಚಿತವಾಗಿರಬಹುದು. ಬ್ಯಾಟ್‌ಮನ್ ಎಂಬ ಪಾತ್ರ 1939ರಲ್ಲಿ ಬಾಬ್ ಕೇನ್ ಮತ್ತು ಬಿಲ್ ಫಿಂಗರ್ ಎಂಬವರಿಂದ ಚಿತ್ರಕಥಾ ಪತ್ರಿಕೆಯೊಂದರಲ್ಲಿ ಹುಟ್ಟಿತು. ಬ್ರೂಸ್ ವೇಯ್ನ್ ಎಂಬ ಸಿರಿವಂತರ ಮನೆಯ ಬಾಲಕನ ಕಣ್ಣೆದುರಿಗೇ ಅವನ ತಾಯಿತಂದೆಯರನ್ನು ದರೋಡೆಕೋರನೊಬ್ಬನು ಗುಂಡಿಟ್ಟು ಕೊಲ್ಲುತ್ತಾನೆ. ಬೆಳೆದು ದೊಡ್ಡವನಾದ ಬ್ರೂಸ್ ರಾತ್ರಿಯ ವೇಳೆ ಬಾವಲಿಯ ವೇಷ ತೊಟ್ಟು, ಗಾಥಮ್ ಎಂಬ ಕಲ್ಪಿತ ನಗರದಲ್ಲಿ ದುಷ್ಟರನ್ನು ಹಿಡಿಯುತ್ತಾನೆ. ಅವನಿಗೆ ಹಾರುವ ಶಕ್ತಿಯಿಲ್ಲ, ದೇವತೆಗಳ ವರವಿಲ್ಲ. ಇರುವುದು ಹಣ, ವ್ಯಾಯಾಮ ಮತ್ತು ಹಠ. ಕೊಲ್ಲುವುದಿಲ್ಲ ಎಂಬುದು ಅವನ ನಿಯಮ. ಈ ಕಥೆಯನ್ನು ಬ್ರೂಸ್ ಟಿಮ್ ಮತ್ತು ಎರಿಕ್ ರಾಡೊಮ್‌ಸ್ಕಿ ಎಂಬ ಚಿತ್ರಕಾರರು ದೂರದರ್ಶನಕ್ಕಾಗಿ ಹೊಸದಾಗಿ ರೂಪಿಸಿದರು. 1992ರ ಸೆಪ್ಟೆಂಬರ್ 5ರಂದು ಫಾಕ್ಸ್ ವಾಹಿನಿಯ ಮಕ್ಕಳ ವಿಭಾಗದಲ್ಲಿ ಅದರ ಪ್ರಸಾರ ಆರಂಭವಾಗಿ 1995ರವರೆಗೆ ಒಟ್ಟು 85 ಕಂತುಗಳು ಬಂದವು. ಒಂದೊಂದು ಕಂತಿನ ಅವಧಿ ಇಪ್ಪತ್ತೆರಡು ನಿಮಿಷಗಳ ಆಸುಪಾಸು. ಹಿನ್ನೆಲೆಯ ಚಿತ್ರಗಳನ್ನು ಬಿಳಿಯ ಕಾಗದಕ್ಕೆ ಬದಲಾಗಿ ಕಪ್ಪು ಕಾಗದದ ಮೇಲೆ ಬರೆಯುವ ಕ್ರಮವನ್ನು ರಾಡೊಮ್‌ಸ್ಕಿ ತಂದರು. ಆದ್ದರಿಂದ ಇಲ್ಲಿ ಕತ್ತಲೆಯೆಂಬುದು ಬಳಿದ ಬಣ್ಣವಲ್ಲ, ಮೊದಲಿನಿಂದ ಇದ್ದ ನೆಲ. ಬೆಳಕನ್ನೇ ಅದರ ಮೇಲೆ ಬಳಿಯಬೇಕು. ಕಥೆಗಾರರು ಪಾತ್ರಗಳ ವಿಷಯದಲ್ಲಿಯೂ ಹೆಚ್ಚುಕಡಿಮೆ ಇದನ್ನೇ ಮಾಡಿದ್ದಾರೆಂದು ನನಗೆ ತೋರುತ್ತದೆ.

ಪಾತ್ರವಿಕಾಸವೆಂದೊಡನೆ ನಾವು ನಾಯಕನ ಕಡೆಗೆ ನೋಡುತ್ತೇವೆ. ಈ ಧಾರಾವಾಹಿಯಲ್ಲಿ ಹಾಗೆ ನೋಡಿದವರಿಗೆ ನಿರಾಶೆಯಾಗುವುದು ಸಹಜ. ಮೊದಲ ಕಂತಿನ ಬ್ಯಾಟ್‌ಮನ್‌ಗೂ ಇಪ್ಪತ್ತನೆಯ ಕಂತಿನ ಬ್ಯಾಟ್‌ಮನ್‌ಗೂ ಮೇಲ್ನೋಟಕ್ಕೆ ವ್ಯತ್ಯಾಸ ಕಾಣದು. ಕೆವಿನ್ ಕಾನ್ರಾಯ್ ಎಂಬ ನಟರು (ಇವರು 2022ರಲ್ಲಿ ತೀರಿಕೊಂಡರು) ಬ್ರೂಸ್‌ಗೆ ಒಂದು ಕಂಠವನ್ನೂ ಬ್ಯಾಟ್‌ಮನ್‌ಗೆ ಅದಕ್ಕಿಂತ ತಗ್ಗಿದ ಇನ್ನೊಂದು ಕಂಠವನ್ನೂ ಕೊಟ್ಟು, ಒಬ್ಬನೇ ಮನುಷ್ಯ ಎರಡು ಬಾಳು ಬಾಳುತ್ತಿರುವುದನ್ನು ಕಿವಿಗೆ ತಿಳಿಯುವಂತೆ ಮಾಡಿದರು. ಅಷ್ಟರಮಟ್ಟಿಗೆ ಆ ಪಾತ್ರ ಸಿದ್ಧವಾಗಿಯೇ ನಮ್ಮೆದುರು ಬರುತ್ತದೆ. ಬದಲಾಗುವವರು ಅವನ ಎದುರಾಳಿಗಳು. ಅನ್ಯಾಯಕ್ಕೋ ದುಃಖಕ್ಕೋ ಒಳಗಾದ ಮನುಷ್ಯ ಆ ದುಃಖವನ್ನು ಎಲ್ಲಿ ಇಡುತ್ತಾನೆ ಎಂಬ ಒಂದೇ ಪ್ರಶ್ನೆಯನ್ನು ಆರಂಭದ ಕಂತುಗಳು ಬೇರೆ ಬೇರೆ ಮನುಷ್ಯರ ಮುಂದಿಟ್ಟು ಕೇಳುತ್ತವೆ. ನಾಯಕನಾದರೋ ಆ ಪ್ರಶ್ನೆಗೆ ಬಂದ ಒಂದು ಉತ್ತರ ಮಾತ್ರ. ಅದು ಸರಿಯಾದ ಉತ್ತರವೇ ಎಂಬುದನ್ನೂ ಕಥೆ ಪೂರ್ತಿಯಾಗಿ ಒಪ್ಪಿಕೊಂಡಿಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ಪ್ರಸಾರದ ಮೂರನೆಯ ದಿನವೇ, ಅಂದರೆ ಸೆಪ್ಟೆಂಬರ್ 7ರಂದು, 'ಹಾರ್ಟ್ ಆಫ್ ಐಸ್' ಎಂಬ ಕಂತು ಬಂದಿತು. ಇದನ್ನು ಬರೆದವರು ಪಾಲ್ ಡಿನಿ, ನಿರ್ದೇಶಿಸಿದವರು ಬ್ರೂಸ್ ಟಿಮ್. ಇದರ ಖಳನಾದ ಮಿಸ್ಟರ್ ಫ್ರೀಜ್ 1959ರಲ್ಲಿ ಮಿಸ್ಟರ್ ಝೀರೋ ಎಂಬ ಬೇರೆ ಹೆಸರಿನಿಂದ ಹುಟ್ಟಿದ್ದ ಒಂದು ಕ್ಷುದ್ರ ಪಾತ್ರ. ಮಂಜುಗಡ್ಡೆಯ ಬಂದೂಕು ಹಿಡಿದು ಕಳವು ಮಾಡುವುದರ ಹೊರತು ಅವನಿಗೆ ಬೇರೆ ಬಾಳಿರಲಿಲ್ಲ. ಡಿನಿಯವರು ಅವನಿಗೆ ಒಬ್ಬ ಹೆಂಡತಿಯನ್ನು ಕೊಟ್ಟರು. ಮಾಡಿದ್ದು ಇಷ್ಟೇ, ಆದರೆ ಈ ಒಂದು ಸೇರ್ಪಡೆಯಿಂದ ಪಾತ್ರ ಬುಡಸಹಿತ ಬದಲಾಯಿತು. ವಿಕ್ಟರ್ ಫ್ರೀಸ್ ಒಬ್ಬ ವಿಜ್ಞಾನಿ. ಅವನ ಪತ್ನಿ ನೋರಾಳಿಗೆ ವಾಸಿಯಾಗದ ಕಾಯಿಲೆ. ಮದ್ದು ಸಿಗುವವರೆಗೆ ಅವಳ ದೇಹವನ್ನು ಹಿಮದಲ್ಲಿ ಕಾಪಾಡಿಡಲು ತಾನು ಕೆಲಸ ಮಾಡುವ ಕಂಪನಿಯ ಉಪಕರಣಗಳನ್ನೇ ಅವನು ಬಳಸುತ್ತಿದ್ದಾನೆ. ಕಂಪನಿಯ ಮುಖ್ಯಸ್ಥ ಫೆರಿಸ್ ಬಾಯ್ಲ್ ಖರ್ಚಿನ ನೆಪವೊಡ್ಡಿ ಯಂತ್ರವನ್ನು ನಿಲ್ಲಿಸಲು ಬರುತ್ತಾನೆ. ಬೇಡಿಕೊಂಡ ವಿಜ್ಞಾನಿಯನ್ನು ಒದ್ದು ರಸಾಯನಗಳ ಮೇಜಿನ ಮೇಲೆ ಕೆಡಹುತ್ತಾನೆ. ಅಂದಿನಿಂದ ವಿಕ್ಟರ್ ಶೀತದಲ್ಲಲ್ಲದೆ ಬದುಕಲಾರದವನಾಗುತ್ತಾನೆ. ನೋರಾ ತನ್ನ ಪಾಲಿಗೆ ಇಲ್ಲವಾದಳೆಂದು ನಂಬುತ್ತಾನೆ. ಇತ್ತ ಬಾಯ್ಲ್‌ಗೆ ವರ್ಷದ ಶ್ರೇಷ್ಠ ಮಾನವತಾವಾದಿ ಎಂಬ ಪ್ರಶಸ್ತಿ ಸಲ್ಲುವುದರಲ್ಲಿದೆ. ದೇವಸ್ಥಾನದ ಶಿಲಾಫಲಕಗಳಲ್ಲಿ ದಾನಿಗಳ ಹೆಸರು ಕೆತ್ತಿಸುವ ಕೆಲಸದಲ್ಲಿ ಹಲವು ವರ್ಷ ತೊಡಗಿದ್ದವನಾಗಿ, ಈ ಪ್ರಸಂಗವನ್ನು ನೋಡುವಾಗ ನನಗೆ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿರುವುದು ಕಷ್ಟವಾಯಿತು.

ಈ ಕಂತಿನ ನಿಜವಾದ ಗುಣ ಅನುಕಂಪವನ್ನು ಹುಟ್ಟಿಸುವುದರಲ್ಲಿಲ್ಲ. ಅನುಕಂಪ ಹುಟ್ಟಿಸುವುದು ಸುಲಭ. ಕಾಯಿಲೆಯ ಹೆಂಡತಿ ಮತ್ತು ಕ್ರೂರಿಯಾದ ಯಜಮಾನ ಇದ್ದರೆ ಸಾಕು. ಅನುಕಂಪ ಹುಟ್ಟಿದ ಮೇಲೆಯೂ ಲೆಕ್ಕವನ್ನು ತಪ್ಪದೆ ಬರೆಯುವುದರಲ್ಲಿ ಅದರ ಹೆಚ್ಚುಗಾರಿಕೆ ಇದೆ. ಕಳವಿನ ಸಂದರ್ಭದಲ್ಲಿ ತನ್ನದೇ ಕಡೆಯ ಒಬ್ಬ ಆಳಿನ ಕಾಲುಗಳು ಹೆಪ್ಪುಗಟ್ಟಿದಾಗ ಫ್ರೀಜ್ ಅವನನ್ನು ಅಲ್ಲಿಯೇ ಬಿಟ್ಟು ಹೊರಡುತ್ತಾನೆ. ಬಾಯ್ಲ್ ಒಬ್ಬನ ಮೇಲಿನ ಸೇಡಿಗಾಗಿ ಆ ಕಟ್ಟಡದಲ್ಲಿರುವ ಎಲ್ಲರನ್ನೂ ಬಲಿಕೊಡಲು ಸಿದ್ಧನಾಗುತ್ತಾನೆ. ತನಗೆ ಮಾಡಿದ್ದನ್ನೇ ಅವನು ಈಗ ಇತರರಿಗೆ ಮಾಡುತ್ತಿದ್ದಾನೆ; ತಾನು ಮಾಡುತ್ತಿದ್ದೇನೆಂಬ ಅರಿವು ಮಾತ್ರ ಅವನಿಗಿಲ್ಲ. ಅಂದಿನ ಘಟನೆಯ ಚಿತ್ರೀಕರಣವನ್ನು ಬ್ಯಾಟ್‌ಮನ್ ನೋಡಿದ್ದಾನೆ, ನೋಡಿ ಮರುಗಿದ್ದಾನೆ. ಆದರೂ ಫ್ರೀಜ್‌ನನ್ನು ತಡೆಯುತ್ತಾನೆ, ತಡೆದ ಬಳಿಕ ಆ ಚಿತ್ರೀಕರಣವನ್ನು ಸುದ್ದಿಗಾರಳ ಕೈಗಿತ್ತು ಬಾಯ್ಲ್‌ನನ್ನೂ ಬಯಲಿಗೆಳೆಯುತ್ತಾನೆ. ಕಾರಣವನ್ನು ತಿಳಿದುಕೊಳ್ಳುವುದು ಬೇರೆ, ಕೃತ್ಯವನ್ನು ಮನ್ನಿಸುವುದು ಬೇರೆ. ದೊಡ್ಡವರ ಕಾದಂಬರಿಗಳಲ್ಲಿಯೂ ಇವೆರಡು ಅನೇಕ ವೇಳೆ ಕಲಸಿಹೋಗುತ್ತವೆ. (ಫ್ರೀಜ್‌ನ ಶಿರಸ್ತ್ರಾಣದ ಗಾಜನ್ನು ಒಡೆಯಲು ನಾಯಕನು ನೆಗಡಿಗೆಂದು ಮನೆಯಿಂದ ಕೊಟ್ಟಿದ್ದ ಬಿಸಿಬಿಸಿ ಸಾರಿನ ಫ್ಲಾಸ್ಕನ್ನು ಬಳಸುವುದು ಚೆನ್ನಾಗಿದೆ. ಅದು ಕೋಳಿಯ ಸಾರೆಂಬುದನ್ನು ಮೊಮ್ಮಗನಿಗೆ ನಾನು ವಿವರಿಸಲಿಲ್ಲ.) ಕೊನೆಯಲ್ಲಿ ಸೆರೆಮನೆಯ ಹಿಮದ ಕೋಣೆಯಲ್ಲಿ ಫ್ರೀಜ್ ಒಬ್ಬನೇ ಕುಳಿತು, ನರ್ತಕಿಯ ಬೊಂಬೆಯಿರುವ ಪುಟ್ಟ ಗಾಜಿನ ಗೋಳವನ್ನು ಹಿಡಿದು ಇಲ್ಲದ ಹೆಂಡತಿಯ ಕ್ಷಮೆ ಕೇಳುತ್ತಾನೆ. ಈ ಬರವಣಿಗೆಗೆ 1993ರಲ್ಲಿ ಡೇಟೈಮ್ ಎಮ್ಮಿ ಪ್ರಶಸ್ತಿ ದೊರೆಯಿತು. ಅದು ಯೋಗ್ಯವಾದ ಕೈಗೇ ಸೇರಿತು.

ಇಲ್ಲಿ ಸ್ವಂತದ ಮಾತೊಂದನ್ನು ಹೇಳಬೇಕಾಗಿದೆ. ನಮ್ಮ ಅಂಗಡಿಯಲ್ಲಿ ಬಹುಕಾಲದಿಂದ ಇದ್ದ ಗುಮಾಸ್ತರೊಬ್ಬರು ಗಲ್ಲಾದಿಂದ ಹಣ ತೆಗೆದದ್ದು ನನ್ನ ಕಣ್ಣಿಗೆ ಬಿತ್ತು. ನಾಲ್ಕು ಜನರ ಎದುರಿಗೆ ಅವರನ್ನು ಕಳ್ಳನೆಂದು ಕರೆದು ಕಳುಹಿಸಿಬಿಟ್ಟೆ. ಅವರ ಹೆಂಡತಿಯ ಆಸ್ಪತ್ರೆಯ ಖರ್ಚಿನ ವಿಷಯ ನನಗೆ ತಿಳಿದದ್ದು ಆಮೇಲೆ. ಹಣ ತೆಗೆದದ್ದು ತಪ್ಪೇ. ಇಂದಿಗೂ ನಾನು ಅದನ್ನು ಸರಿಯೆನ್ನಲಾರೆ. ಆದರೆ ತಪ್ಪು ಮಾಡಿದ ಮನುಷ್ಯನಿಗೂ ಕಳ್ಳನೆಂಬ ಹೆಸರಿಗೂ ನಡುವೆ ಇದ್ದ ಅಂತರವನ್ನು ನಾನು ಒಂದು ನಿಮಿಷವೂ ನಿಂತು ನೋಡಲಿಲ್ಲ. ಇಪ್ಪತ್ತೆರಡು ನಿಮಿಷದ ಕಾರ್ಟೂನು ನಿಂತು ನೋಡುತ್ತದೆ.

ಇನ್ನು ಹಾರ್ವೆ ಡೆಂಟ್‌ನ ವಿಷಯ. ಮಗುವಿನ ಪ್ರಶ್ನೆ ಇವನನ್ನು ಕುರಿತದ್ದು. ನನ್ನ ದೃಷ್ಟಿಯಲ್ಲಿ ಆರಂಭದ ಕಂತುಗಳ ಶಿಖರವೂ ಇವನ ಕಥೆಯೇ. ಹಾರ್ವೆ ಗಾಥಮ್ ನಗರದ ಸರ್ಕಾರಿ ವಕೀಲ. ಆ ದೇಶದಲ್ಲಿ ಈ ಹುದ್ದೆಗೆ ಚುನಾವಣೆ ನಡೆಯುತ್ತದೆ. ಬ್ರೂಸ್‌ನ ಆಪ್ತ ಸ್ನೇಹಿತ, ಪ್ರಾಮಾಣಿಕ, ಜನಪ್ರಿಯ. ಮೂಲ ಚಿತ್ರಕಥೆಯಲ್ಲಿ 1942ರಲ್ಲಿ ಅವನು ಕಾಣಿಸಿಕೊಂಡಾಗ, ಪಾತಕಿಯೊಬ್ಬನು ಎರಚಿದ ಆಮ್ಲದಿಂದ ಮುಖದ ಅರ್ಧಭಾಗ ಸುಟ್ಟು, ಅದರಿಂದಲೇ ಮನಸ್ಸು ಕೆಟ್ಟು ಟೂ-ಫೇಸ್ ಎಂಬ ಖಳನಾಗುತ್ತಾನೆ. ಅಂದರೆ ಮುಖ ಕೆಟ್ಟದ್ದರಿಂದ ಮನುಷ್ಯ ಕೆಟ್ಟ. ಇದು ದುರ್ಬಲವಾದ ಕಾರ್ಯಕಾರಣ. ರೂಪಹೀನರಿಗೆ ಇದರಿಂದ ಅನ್ಯಾಯವೂ ಆಗುತ್ತದೆ. 1992ರ ಸೆಪ್ಟೆಂಬರ್ 25 ಮತ್ತು 28ರಂದು ಎರಡು ಭಾಗಗಳಲ್ಲಿ ಪ್ರಸಾರವಾದ 'ಟೂ-ಫೇಸ್' ಈ ಕ್ರಮವನ್ನು ತಿರುಗಿಸಿ ಹಾಕಿತು. ಇಲ್ಲಿ ಒಳಗಿನ ಬಿರುಕು ಮೊದಲು. ಮುಖದ ಗಾಯ ಅದರ ಮೇಲೆ ಬಿದ್ದ ಮೊಹರು ಮಾತ್ರ.

ಕಥೆಗಾರರು ಇದಕ್ಕೆ ನೆಲವನ್ನು ಹದಮಾಡಿದ ರೀತಿ ಗಮನಾರ್ಹವಾದುದು. ಮೊಟ್ಟಮೊದಲು ತಯಾರಾದ 'ಆನ್ ಲೆದರ್ ವಿಂಗ್ಸ್' ಕಂತಿನಲ್ಲಿಯೇ ಹಾರ್ವೆ ಮೇಯರರ ಕೊಠಡಿಯಲ್ಲಿ ನಾಣ್ಯವೊಂದನ್ನು ಚಿಮ್ಮುತ್ತಿರುತ್ತಾನೆ. ಯಾರೂ ಅದರ ಕಡೆಗೆ ಲಕ್ಷ್ಯ ಕೊಡುವುದಿಲ್ಲ. 14ರಂದು ಬಂದ 'ಪ್ರೆಟಿ ಪಾಯ್ಸನ್'ನಲ್ಲಿ ಅವನು ಪ್ರೇಮದಲ್ಲಿ ಬಿದ್ದ ಸರಳ ಮನುಷ್ಯ. ವಿಷಕ್ಕೆ ತುತ್ತಾಗಿ ಸಾವಿನ ಅಂಚಿಗೆ ಹೋಗಿ ಬರುತ್ತಾನೆ. ಹೀಗೆ ಮೂರು ವಾರಗಳಲ್ಲಿ ಮಕ್ಕಳು ಅವನನ್ನು ನಾಯಕನ ಸ್ನೇಹಿತನೆಂದು ಬಲ್ಲವರಾಗುತ್ತಾರೆ. ಆಮೇಲೆ ಅವನು ಬೀಳುತ್ತಾನೆ. ಪತನವನ್ನು ಚಿತ್ರಿಸಬೇಕಾದರೆ ಮೊದಲು ಎತ್ತರವನ್ನು ಕಟ್ಟಬೇಕು ಎಂಬುದು ನಮ್ಮ ಪ್ರಾಚೀನ ಕವಿಗಳಿಗೆ ಚೆನ್ನಾಗಿ ಗೊತ್ತಿತ್ತು. ಪ್ರತಿದಿನ ಸಂಜೆ ಹೊಸ ಖಳನನ್ನು ತಂದು ನಿಲ್ಲಿಸಬೇಕಾದ ಧಾರಾವಾಹಿಯ ಬರಹಗಾರರಿಗೆ ಇಷ್ಟು ತಾಳ್ಮೆ ಇತ್ತೆಂಬುದು ಆಶ್ಚರ್ಯ.

ಆಲನ್ ಬರ್ನೆಟ್ ಮತ್ತು ರ‍್ಯಾಂಡಿ ರೋಗೆಲ್ ಬರೆದ ಮೊದಲ ಭಾಗದ ಕೇಂದ್ರದಲ್ಲಿರುವುದು ಒಂದು ಬಾಲ್ಯದ ಘಟನೆ. ಹಾರ್ವೆ ಚಿಕ್ಕವನಿದ್ದಾಗ ತನ್ನನ್ನು ಪೀಡಿಸುತ್ತಿದ್ದ ಹುಡುಗನಿಗೆ ಒಮ್ಮೆ ಹೊಡೆದ. ಮರುದಿನ ಆ ಹುಡುಗ ಆಸ್ಪತ್ರೆ ಸೇರಿದನೆಂಬ ಸುದ್ದಿ ಬಂತು. ತನ್ನ ಏಟಿನಿಂದಲೇ ಹೀಗಾಯಿತೆಂದು ಹಾರ್ವೆ ನಡುಗಿಹೋದ. ನಿಜವಾಗಿ ಆ ಹುಡುಗನಿಗೆ ಆದದ್ದು ಅಪೆಂಡಿಸೈಟಿಸ್. ಏಟಿಗೂ ಅದಕ್ಕೂ ಸಂಬಂಧವಿರಲಿಲ್ಲ. ಆದರೆ ಅಷ್ಟರಲ್ಲಿ ಬಾಲಕನು ಇನ್ನೆಂದೂ ಕೋಪಿಸಿಕೊಳ್ಳಕೂಡದೆಂದು ನಿಶ್ಚಯಿಸಿಬಿಟ್ಟಿದ್ದ. ಎಂತಹ ಸದ್ಗುಣವೆಂದು ನಾವು ಬೆನ್ನು ತಟ್ಟುತ್ತಿದ್ದೆವಲ್ಲವೇ? ಶಾಲೆಯಲ್ಲಿಯೂ ಮನೆಯಲ್ಲಿಯೂ ಎಲ್ಲರೂ ತಟ್ಟಿರಬೇಕು. ಕೋಪ ಎಲ್ಲಿಗೂ ಹೋಗಿರಲಿಲ್ಲ. ವರ್ಷ ವರ್ಷವೂ ಒಳಗೆ ಸೇರುತ್ತ, ಕೊನೆಗೆ ತನ್ನದೇ ಆದ ಧ್ವನಿಯನ್ನೂ ಹೆಸರನ್ನೂ ಪಡೆದುಕೊಂಡಿತು. ಹಾರ್ವೆ ಚಿಕಿತ್ಸೆಗೆಂದು ಗುಟ್ಟಾಗಿ ಹೋಗುವ ಮನೋವೈದ್ಯೆ ಅವನನ್ನು ಸಮ್ಮೋಹನಕ್ಕೊಳಪಡಿಸಿದಾಗ ಹೊರಬಂದು ಮಾತನಾಡುವುದು ಆ ಎರಡನೆಯವನು.

ವ್ಯಾಪಾರಿಯಾದ ನನಗೆ ಇದು ಲೆಕ್ಕಪುಸ್ತಕದ ಭಾಷೆಯಲ್ಲಿಯೇ ಅರ್ಥವಾಯಿತು. ಬಾಕಿಯನ್ನು ತೀರಿಸದೆ ಹೊಸ ಪುಟಕ್ಕೆ ಮುಂದೊಯ್ದರೆ ಹಳೆಯ ಪುಟ ಶುದ್ಧವಾಗಿ ಕಾಣುತ್ತದೆ. ಮೊತ್ತ ಮಾತ್ರ ಬಡ್ಡಿಯೊಡನೆ ಮುಂದಿನ ಪುಟದಲ್ಲಿ ಕುಳಿತಿರುತ್ತದೆ. ನಮ್ಮ ಆಚಾರ್ಯರು ಉಪಶಮ ಮತ್ತು ಕ್ಷಯ ಎಂದು ಭೇದ ಮಾಡಿದ್ದನ್ನು ವಾಚಕರು ಬಲ್ಲರು. ಕತಕದ ಬೀಜವನ್ನು ಹಾಕಿದ ನೀರು ತಿಳಿಯಾಗುತ್ತದೆ, ಆದರೆ ಕೆಸರು ತಳದಲ್ಲಿಯೇ ಇದೆ. ಪಾತ್ರೆ ಅಲುಗಿದರೆ ಮತ್ತೆ ಮೇಲೇಳುತ್ತದೆ. ಉಪಶಮ ಶ್ರೇಣಿಯಿಂದ ಹನ್ನೊಂದನೆಯ ಗುಣಸ್ಥಾನಕ್ಕೆ ಏರಿದವನೂ ಅಲ್ಲಿಂದ ಇಳಿಯಲೇಬೇಕೆಂದು ಹೇಳಿರುವುದು ಈ ಕಾರಣದಿಂದ. ಅಮೆರಿಕದ ಕಾರ್ಟೂನು ಬರೆದವರಿಗೆ ಗುಣಸ್ಥಾನಗಳ ಪರಿಚಯವಿತ್ತೆಂದು ನಾನು ಹೇಳುತ್ತಿಲ್ಲ. ಮನಸ್ಸನ್ನು ಗಮನವಿಟ್ಟು ನೋಡಿದವರು ಯಾವ ದೇಶದಲ್ಲಿದ್ದರೂ ಅದೇ ತಳದ ಕೆಸರನ್ನು ಕಾಣುತ್ತಾರೆ ಎಂದಷ್ಟೇ ನನ್ನ ಅಭಿಪ್ರಾಯ.

ಪಾತ್ರೆ ಅಲುಗುವುದು ಅತ್ಯಂತ ಕ್ಷುಲ್ಲಕ ಕಾರಣಕ್ಕೆ. ಪಾತಕಿಗಳನ್ನು ಬಂಧಿಸಿ ಪತ್ರಿಕೆಯವರ ಮುಂದೆ ನಿಂತಿರುವಾಗ ಅವರಲ್ಲೊಬ್ಬನು ಹಾರ್ವೆಯ ಮೇಲೆ ಕೆಸರು ಚಿಮ್ಮಿಸುತ್ತಾನೆ. ಮರುಕ್ಷಣವೇ ಹಾರ್ವೆ ಅವನ ಮೇಲೆ ಬಿದ್ದಿರುತ್ತಾನೆ, ಹಿಡಿದೆಳೆದು ಬಿಡಿಸಬೇಕಾಗುತ್ತದೆ. ರೂಪರ್ಟ್ ಥಾರ್ನ್ ಎಂಬ ಭೂಗತ ದೊರೆ ವೈದ್ಯೆಯ ಕಡತವನ್ನು ಕದಿಯಿಸಿ, ಅದನ್ನು ಬಹಿರಂಗಪಡಿಸುವುದಾಗಿ ಹಾರ್ವೆಯನ್ನು ಬೆದರಿಸುತ್ತಾನೆ. ರಸಾಯನ ಕಾರ್ಖಾನೆಯೊಂದರಲ್ಲಿ ನಡೆಯುವ ಮುಖಾಮುಖಿಯಲ್ಲಿ ಎರಡನೆಯ ಹಾರ್ವೆ ಹೊರಬರುತ್ತಾನೆ, ಹೊಡೆದಾಟವಾಗುತ್ತದೆ, ಸ್ಫೋಟವಾಗುತ್ತದೆ. ಅಲ್ಲಿಯೇ ಇದ್ದ ಬ್ಯಾಟ್‌ಮನ್‌ಗೆ ಗೆಳೆಯನನ್ನು ಉಳಿಸಿಕೊಳ್ಳಲಾಗುವುದಿಲ್ಲ. ಆಸ್ಪತ್ರೆಯಲ್ಲಿ ಕಟ್ಟು ಬಿಚ್ಚಿದ ಮೇಲೆ ಅವನು ಕನ್ನಡಿ ಕೇಳುವ ದೃಶ್ಯವನ್ನು ನೋಡುವಾಗ ನನ್ನ ಮೊಮ್ಮಗನು ನನ್ನ ತೋಳನ್ನು ಹಿಡಿದುಕೊಂಡಿದ್ದ. ಮದುವೆಯಾಗಬೇಕಾಗಿದ್ದ ಗ್ರೇಸ್ ಆ ಮುಖವನ್ನು ಕಂಡು ಕುಸಿದು ಬೀಳುತ್ತಾಳೆ. ಹಾರ್ವೆ ಕತ್ತಲೆಯೊಳಗೆ ಹೊರಟುಹೋಗುತ್ತಾನೆ. ನಾನು ನಿಲ್ಲಿಸಬೇಕೆಂದು ಬಂದಿದ್ದೆ ಎಂದು ಮೇಲೆ ಹೇಳಿದೆನಷ್ಟೆ. ಎರಡನೆಯ ಭಾಗವನ್ನು ಹಾಕಲು ಹೇಳಿದವನು ನಾನೇ.

ಎರಡನೆಯ ಭಾಗದಲ್ಲಿ ಹಾರ್ವೆ ಪ್ರತಿಯೊಂದು ನಿರ್ಣಯಕ್ಕೂ ನಾಣ್ಯ ಚಿಮ್ಮುತ್ತಾನೆ. ಒಂದು ಬದಿ ಶುದ್ಧ, ಇನ್ನೊಂದು ಬದಿ ಗೀಚಿ ವಿರೂಪವಾದದ್ದು. ಇದನ್ನು ಕೆಲವರು ಬರಿಯ ಚಮತ್ಕಾರವೆಂದು ತಿಳಿಯಬಹುದು. ನನಗೆ ಹಾಗೆನಿಸಲಿಲ್ಲ. ಜೀವಮಾನವಿಡೀ ತನ್ನೊಳಗಿನ ಒಂದು ಅರ್ಧವನ್ನು ಬಾಯಿಮುಚ್ಚಿಸಿ ಇಟ್ಟವನು ಈಗ ಯಾವ ಅರ್ಧಕ್ಕೂ ತೀರ್ಪು ಕೊಡುವ ಅಧಿಕಾರವಿಲ್ಲದಂತೆ ಮಾಡಿಕೊಂಡಿದ್ದಾನೆ. ನಾಣ್ಯ ಅವನ ಕ್ರೌರ್ಯದ ಗುರುತಲ್ಲ; ಹೊಣೆಯನ್ನು ಹೊರಲಾರದವನ ಊರುಗೋಲು. ಕೊನೆಗೆ ಥಾರ್ನ್‌ನನ್ನು ಕೊಲ್ಲಬೇಕೇ ಬೇಡವೇ ಎಂದು ಅವನು ನಾಣ್ಯವನ್ನು ಮೇಲಕ್ಕೆ ಹಾರಿಸಿದಾಗ, ಬ್ಯಾಟ್‌ಮನ್ ನಾಣ್ಯಗಳ ರಾಶಿಯನ್ನೇ ಗಾಳಿಗೆ ಎಸೆಯುತ್ತಾನೆ. ನೂರಾರು ನಾಣ್ಯಗಳ ನಡುವೆ ತನ್ನದನ್ನು ಹುಡುಕುತ್ತ ಹಾರ್ವೆ ನೆಲದ ಮೇಲೆ ತೆವಳುತ್ತಾನೆ, ಬಿಕ್ಕುತ್ತಾನೆ. ಅವನನ್ನು ಕೊನೆಗೆ ಅಲ್ಲಾಡದಂತೆ ನಿಲ್ಲಿಸುವುದು ಬ್ಯಾಟ್‌ಮನ್‌ನ ಮುಷ್ಟಿಯಲ್ಲ. ಗ್ರೇಸ್ ಬಳಿಗೆ ಬಂದು, ಈ ಬಾರಿ ಕುಸಿಯದೆ, ಆ ಮುಖವನ್ನು ತನ್ನ ಕೈಗಳಿಂದ ಹಿಡಿಯುತ್ತಾಳೆ. ಆಕೆಯ ಪಾತ್ರಕ್ಕೆ ದೊರೆತ ಮಾತುಗಳು ಬಹಳ ಕಡಿಮೆ. ಆದರೂ ಮೊದಲ ಭಾಗದ ಗ್ರೇಸ್‌ಗೂ ಎರಡನೆಯ ಭಾಗದ ಗ್ರೇಸ್‌ಗೂ ನಡುವೆ ಆಗಿರುವ ಬೆಳವಣಿಗೆ ಇಡೀ ಕಥೆಯಲ್ಲಿಯೇ ದೊಡ್ಡದೆಂದು ನಾನು ತಿಳಿಯುತ್ತೇನೆ.

ನಾಯಕನ ಒಳಬದಿ ಮೊದಲ ಬಾರಿಗೆ ಅಲುಗುವುದೂ ಇಲ್ಲಿಯೇ. ಈ ಭಾಗದಲ್ಲಿ ಬ್ರೂಸ್‌ಗೆ ಒಂದು ದುಃಸ್ವಪ್ನ ಬೀಳುತ್ತದೆ. ಹಾರ್ವೆ ಪ್ರಪಾತಕ್ಕೆ ಜಾರುತ್ತಾನೆ. ಅವನ ಹಿಂದೆಯೇ ಕೊಲೆಯಾದ ತಾಯಿತಂದೆಯರು ಕಾಣಿಸಿಕೊಂಡು, ನಮ್ಮನ್ನೇಕೆ ಉಳಿಸಲಿಲ್ಲವೆಂದು ಕೇಳುತ್ತಾರೆ. ಎಂಟು ವರ್ಷದ ಹುಡುಗ ಬಂದೂಕಿನವನಿಂದ ಯಾರನ್ನು ಉಳಿಸಿಯಾನು? ಆದರೂ ಅವನು ಆ ಬಾಕಿಯನ್ನು ಮುಂದೊಯ್ದಿದ್ದಾನೆ. ಹಾರ್ವೆ ಕೋಪವನ್ನು ಅದುಮಿದ. ಬ್ರೂಸ್ ಅದಕ್ಕೆ ವೇಷ ತೊಡಿಸಿ ರಾತ್ರಿಯ ಕೆಲಸಕ್ಕೆ ಹಚ್ಚಿದ. ಒಂದೇ ಕಾಯಿಲೆಯ ಇಬ್ಬರು ರೋಗಿಗಳು ಗೆಳೆಯರಾಗಿದ್ದರು ಎಂಬುದನ್ನು ಕಥೆ ಹೇಳಿಬಿಡದೆ ತೋರಿಸುತ್ತದೆ.

ಬೇರೆ ಕಂತುಗಳ ಬಗೆಗೆ ಚಿಕ್ಕದಾಗಿ. 'ಇಟ್ಸ್ ನೆವರ್ ಟೂ ಲೇಟ್' ಎಂಬುದರಲ್ಲಿ ಆರ್ನಾಲ್ಡ್ ಸ್ಟ್ರಾಮ್‌ವೆಲ್ ಎಂಬ ಮುದಿ ಪಾತಕಿ ತನ್ನ ಮಗನನ್ನು ಎದುರಾಳಿ ಥಾರ್ನ್ ಅಪಹರಿಸಿದ್ದಾನೆಂದು ನಂಬಿದ್ದಾನೆ. ಮಗ ಇರುವುದು ಚಿಕಿತ್ಸಾಲಯದಲ್ಲಿ, ತಂದೆಯೇ ಮಾರುವ ಮಾದಕ ವಸ್ತುವಿನ ಚಟಕ್ಕೆ ಬಿದ್ದು. ಮಕ್ಕಳ ಕಾರ್ಯಕ್ರಮದಲ್ಲಿ ಇಂತಹ ದೃಶ್ಯವನ್ನಿಡಲು ಧೈರ್ಯ ಬೇಕು. ಬಾಲ್ಯದಲ್ಲಿ ರೈಲಿನ ಹಳಿಯ ಮೇಲೆ ತನ್ನನ್ನು ಉಳಿಸಲು ಹೋಗಿ ಕಾಲು ಕಳೆದುಕೊಂಡ, ಈಗ ಪಾದ್ರಿಯಾಗಿರುವ ಅಣ್ಣನ ಎದುರಿಗೆ ಸ್ಟ್ರಾಮ್‌ವೆಲ್ ಕುಸಿದು, ತಾನಾಗಿಯೇ ಪೊಲೀಸರಿಗೆ ಶರಣಾಗುತ್ತಾನೆ. ಕಂತು ಚೆನ್ನಾಗಿದೆ, ಆದರೆ ಒಂದೇ ರಾತ್ರಿಯಲ್ಲಿ ನಡೆಯುವ ಪರಿವರ್ತನೆಯನ್ನು ನಂಬಲು ನನ್ನಂತಹ ವಯಸ್ಸಾದವನಿಗೆ ಸ್ವಲ್ಪ ಕಷ್ಟ. 'ಪ್ರೆಟಿ ಪಾಯ್ಸನ್'ನ ಪಮೇಲಾ ಐಸ್ಲಿಯಾದರೋ ಸೆರೆಮನೆ ಕಟ್ಟುವಾಗ ಅಪರೂಪದ ಕಾಡುಗುಲಾಬಿಯ ನೆಲೆ ಅಳಿಯಿತೆಂದು ಹಾರ್ವೆಗೆ ವಿಷವಿಕ್ಕುವವಳು. ಏಕೇಂದ್ರಿಯ ಜೀವದ ಮೇಲಿನ ಮರುಕ ಪಂಚೇಂದ್ರಿಯ ಜೀವದ ಹತ್ಯೆಗೆ ನೆಪವಾಗುವ ಈ ವಿಪರ್ಯಾಸವನ್ನು ನಮ್ಮ ಪತ್ರಿಕೆಯ ವಾಚಕರಷ್ಟು ಗಂಭೀರವಾಗಿ ಯಾರೂ ಪರಿಗಣಿಸಲಾರರು. ಬರಹಗಾರರು ಪರಿಗಣಿಸಲಿಲ್ಲ. ಅವಳನ್ನು ಮೋಹಕ ವೇಷದ ವಿಷಕನ್ಯೆಯನ್ನಾಗಿಸಿ ಕೈತೊಳೆದುಕೊಂಡರು. ಫ್ರೀಜ್‌ಗೆ ಸಿಕ್ಕ ನ್ಯಾಯ ಅವಳಿಗೆ ಸಿಗಲಿಲ್ಲ.

ನಾಯಕನ ಲೆಕ್ಕವನ್ನು ಕಥೆ ನಿಜವಾಗಿ ಕೇಳುವುದು 1993ರ ಫೆಬ್ರವರಿಯಲ್ಲಿ ಬಂದ 'ರಾಬಿನ್ಸ್ ರೆಕನಿಂಗ್' ಎಂಬ ಎರಡು ಭಾಗಗಳಲ್ಲಿ. ಇದರ ಮೊದಲ ಭಾಗಕ್ಕೆ ಆ ವರ್ಷದ ಪ್ರೈಮ್‌ಟೈಮ್ ಎಮ್ಮಿ ಸಂದಿತು. ಬ್ಯಾಟ್‌ಮನ್‌ನ ಸಹಾಯಕನಾದ ರಾಬಿನ್ ಮೂಲತಃ ಸರ್ಕಸ್ಸಿನ ಹುಡುಗ. ಹಣ ವಸೂಲಿಗೆ ಬಂದ ಟೋನಿ ಝುಕೊ ಎಂಬವನು ತೂಗುಯ್ಯಾಲೆಯ ಹಗ್ಗವನ್ನು ಕುಯ್ದು ಅವನ ತಾಯಿತಂದೆಯರನ್ನು ಕೊಂದಿದ್ದಾನೆ. ವರ್ಷಗಳ ಬಳಿಕ ಝುಕೊನ ಸುಳಿವು ಸಿಕ್ಕಾಗ ಬ್ಯಾಟ್‌ಮನ್ ಹುಡುಗನಿಗೆ ತಿಳಿಸದೆ ಒಬ್ಬನೇ ಹೊರಡುತ್ತಾನೆ. ವಿಷಯ ತಿಳಿದ ರಾಬಿನ್ ಹಿಂಬಾಲಿಸಿ ಬಂದು ಕೊಲೆಗಾರನ ಕೊರಳಪಟ್ಟಿ ಹಿಡಿಯುತ್ತಾನೆ, ಹಿಡಿದು ಕೊನೆಗೆ ಬಿಡುತ್ತಾನೆ. ತಾನು ಕೋಪದಲ್ಲಿ ವಿವೇಕ ಕಳೆದುಕೊಳ್ಳುವೆನೆಂದು ಹೆದರಿ ತನ್ನನ್ನು ದೂರವಿಟ್ಟಿರಬೇಕೆಂದು ಹುಡುಗ ಒಪ್ಪಿಕೊಳ್ಳುತ್ತಾನೆ. ಬ್ಯಾಟ್‌ಮನ್ ಅಲ್ಲವೆನ್ನುತ್ತಾನೆ, ಝುಕೊ ಹುಡುಗನನ್ನೂ ಕಿತ್ತುಕೊಂಡಾನೆಂಬ ಭಯ ತನಗಿತ್ತು ಎನ್ನುತ್ತಾನೆ. ವರ್ಷಗಳಿಂದ ಬಂಡೆಯಂತೆ ನಿಂತವನ ಬಾಯಿಂದ ಈ ಮಾತು ಬಂದಾಗ, ಮೊದಲ ಕಂತಿನಿಂದ ಅವನು ಬದಲಾಗಿಯೇ ಇಲ್ಲವೆಂದುಕೊಂಡಿದ್ದ ನಾನು ನನ್ನ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಯಿತು.

ದೋಷಗಳನ್ನು ಹೇಳದೆ ಬಿಟ್ಟರೆ ವಿಮರ್ಶೆ ಪ್ರಶಂಸಾಪತ್ರವಾದೀತು. ಬ್ಯಾಟ್‌ಮನ್ ಕೊಲ್ಲುವುದಿಲ್ಲ, ನಿಜ. ಆದರೆ ಮನುಷ್ಯರನ್ನು ಎತ್ತರದಿಂದ ತಲೆಕೆಳಗಾಗಿ ತೂಗಾಡಿಸಿ ಬಾಯಿಬಿಡಿಸುವುದು ಅವನ ವಾಡಿಕೆ, ಇದನ್ನು ಕಥೆ ಹಾಸ್ಯದಂತೆ ದಾಟಿಸಿಬಿಡುತ್ತದೆ. ಭಯ ಹುಟ್ಟಿಸುವುದೂ ಹಿಂಸೆಯೇ ಎಂಬ ಅರಿವು ಬರಹಗಾರರಿಗೆ ಬಂದಿಲ್ಲ. ಪೊಲೀಸರೂ ನ್ಯಾಯಾಲಯವೂ ಹೆಸರಿಗಷ್ಟೇ ಇವೆ. ಇವನ್ನೆಲ್ಲ ಆ ಬಗೆಯ ಕಥೆಗಳ ಸಂಪ್ರದಾಯವೆಂದು ಹೇಗೋ ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಧಾರಾವಾಹಿಯ ಮರೆವು. 'ಟೂ-ಫೇಸ್'ನ ಕೊನೆಯಲ್ಲಿ ಗ್ರೇಸ್ ಹಾರ್ವೆಯ ಜೊತೆಗೆ ನಡೆಯುತ್ತಾಳೆ. ಅವನಿಗೆ ಇನ್ನು ಆಸೆಯುಂಟೇ ಎಂದು ಪೊಲೀಸ್ ಆಯುಕ್ತರು ಕೇಳಿದಾಗ ಬ್ಯಾಟ್‌ಮನ್ ಉಂಟೆಂದು ಹೇಳಿ, ನಾಣ್ಯವೊ೦ದನ್ನು ಕಾರಂಜಿಯೊಳಕ್ಕೆ ಎಸೆಯುತ್ತಾನೆ. ಇದಾಗಿ ಆರು ವಾರಕ್ಕೆ, ನವೆಂಬರ್ 10ರಂದು, 'ಆಲ್ಮೋಸ್ಟ್ ಗಾಟ್ ಇಮ್' ಎಂಬ ಕಂತು ಬಂದಿತು. ಅದರಲ್ಲಿ ಹಾರ್ವೆ ಇತರ ಖಳರ ಜೊತೆಗೆ ಇಸ್ಪೀಟಿನ ಮೇಜಿಗೆ ಕುಳಿತು, ಬ್ಯಾಟ್‌ಮನ್‌ನನ್ನು ದೈತ್ಯ ನಾಣ್ಯಕ್ಕೆ ಕಟ್ಟಿ ಕೊಲ್ಲಲು ಹೋದದ್ದನ್ನು ಜಂಬದಿಂದ ವರ್ಣಿಸುತ್ತಾನೆ. ಬಿಡಿಯಾಗಿ ನೋಡಿದರೆ ಅದು ಬಹಳ ಜಾಣತನದ, ಲವಲವಿಕೆಯ ಕಂತು. ಆದರೆ ನಡುವಿನ ಆರು ವಾರಗಳಲ್ಲಿ ಈ ಮನುಷ್ಯನಿಗೆ ಏನಾಯಿತು? ಚಿಕಿತ್ಸೆ ಸೋತಿತೇ? ಅವನೇ ಎದ್ದು ಬಂದನೇ? ಹೇಳುವ ಹೊಣೆ ತಮ್ಮದೆಂದು ಯಾರಿಗೂ ಅನ್ನಿಸಲಿಲ್ಲ. ಬಿಡಿ ಕಂತುಗಳನ್ನು ಯಾವ ಕ್ರಮದಲ್ಲಾದರೂ ತೋರಿಸುವಂತಿರಬೇಕೆಂಬ ವ್ಯಾಪಾರದ ಅಗತ್ಯ ಇದರ ಹಿಂದಿರಬಹುದು. ವ್ಯಾಪಾರಿಯಾಗಿ ನಾನು ಅದನ್ನು ಅರ್ಥಮಾಡಿಕೊಳ್ಳಬಲ್ಲೆ. ಆದರೆ ಬೆಳೆದ ಪಾತ್ರವನ್ನು ಮತ್ತೆ ಅಳತೆಗೆ ಕತ್ತರಿಸಿ ಬೊಂಬೆಯಾಗಿಸಿದ ನಷ್ಟವನ್ನು ಯಾವ ಪುಟದಲ್ಲಿ ಬರೆಯೋಣ?

ಆ ಇಸ್ಪೀಟಿನ ಕಂತನ್ನು ನಾವಿಬ್ಬರೂ ಕೂಡಿಯೇ ನೋಡಿದೆವು. ಮೊಮ್ಮಗನು ನಗುತ್ತಲೇ ಇದ್ದ. ಹಾರ್ವೆಯ ಸರದಿ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಾಗಿ, "ಅಜ್ಜಾ, ಗ್ರೇಸ್ ಎಲ್ಲಿ ಹೋದ್ಲು?" ಎಂದು ಕೇಳಿದ. ಈ ಕಂತಿನಲ್ಲಿ ಅವಳಿಲ್ಲ ಎಂದೆ. ಮುಂದಿನದರಲ್ಲಿ ಬರುತ್ತಾಳೇನೆಂದು ಕೇಳಿದ. ಮುಂದಿನವುಗಳಲ್ಲಿಯೂ ಅವಳಿಗೆ ಸ್ಥಾನವಿಲ್ಲವೆಂಬುದು ನನಗೆ ಅಷ್ಟರಲ್ಲಿ ಗೊತ್ತಾಗಿತ್ತು. ನೋಡೋಣ ಎಂದೆ. ಅವನು ಇಸ್ಪೀಟಿನ ಕಂತನ್ನು ಅರ್ಧಕ್ಕೇ ನಿಲ್ಲಿಸಿ, ಗ್ರೇಸ್ ಇರುವ ಕಂತನ್ನೇ ಮತ್ತೊಮ್ಮೆ ಹಾಕಿಕೊಂಡ.